ನಗರಕೋಟದ ಚಂದ್ರ ಮತ್ತು ಮೂವತ್ತೊಂಬತ್ತನೇ ಅಡಿಕೆ

ಮೊನ್ನೆ ಸಿರಸಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತವರೊಬ್ಬರು ಹೋಳಿಗೆ ಬಡಿಸುತ್ತಿದ್ದವನಿಗೆ, "ಸರಿಯಾಗಿ ಎಣಿಸಿ ಹಾಕು ಮಾರಾಯ, ಮಂಜಣ್ಣನ ಲೆಕ್ಕ ಆಪ್ಪುದು ಬೇಡ" ಎಂದರು. ಅಕ್ಕಪಕ್ಕದವರೆಲ್ಲ ಗೊಳ್ಳೆಂದು ನಕ್ಕರು. ಮಂಜಣ್ಣ ಅಲ್ಲೇ, ನಾಲ್ಕು ಎಲೆ ಆಚೆ ಕೂತಿದ್ದ. ತಲೆ ಎತ್ತಲಿಲ್ಲ. ಸಾರನ್ನ ಕಲಸುತ್ತಲೇ ಇದ್ದ. ನಾನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟೆ. ಪಂಕ್ತಿ ಏಳುವ ಮೊದಲೇ ಎದ್ದು ಹೋಗಿ ಕೈ ತೊಳೆದೆ. ಜನ ಏನಂದುಕೊಂಡರೋ ಅಂದುಕೊಳ್ಳಲಿ.

ಮಂಜಣ್ಣ ಅಂದರೆ ಮತ್ತಿಘಟ್ಟದ ಮಂಜುನಾಥ ಹೆಗಡೆ. ಒಂದು ಕಾಲದಲ್ಲಿ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರನ್ನು ಕಾಶಿ, ನೇಪಾಳ ಅಂತ ಕರೆದುಕೊಂಡು ಹೋಗಿ ಬರುತ್ತಿದ್ದ. ೧೯೯೯ರ ಡಿಸೆಂಬರಿನ ಯಾತ್ರೆಯೇ ಅವನ ಕೊನೆಯದು. ಆ ಬಸ್ಸಿನಲ್ಲಿ ನಾನಿದ್ದೆ, ನನ್ನ ಅಣ್ಣನಿದ್ದ. ಹೋಗುವಾಗ ಮೂವತ್ತೆಂಟು ಜನ, ಬರುವಾಗ ಮೂವತ್ತೇಳು. ಬರದೇ ಇದ್ದವನು ನನ್ನ ಅಣ್ಣ. ಮಂಜಣ್ಣ ಜನ ಎಣಿಸುವುದರಲ್ಲಿ ತಪ್ಪಿದ ಅಂತ ಮೂರು ತಾಲೂಕಿನಲ್ಲೂ ಮಾತು. ನೇಪಾಳದ ಸುದ್ದಿ ಹೇಳಿ, ಆ ದೊಡ್ಡ ಚಂದ್ರ ಹೇಗಿತ್ತು ಹೇಳಿ ಅಂತ ಕೇಳಿದವರಿಗೆಲ್ಲ ನಾನು ಇಷ್ಟು ವರ್ಷ ಅರ್ಧ ಮಾತ್ರ ಹೇಳಿದ್ದೇನೆ. ಉಳಿದರ್ಧ ಇಲ್ಲಿದೆ.

ಬಸ್ಸಿನೊಳಗೆ

ನಾನು ಸಿದ್ದಾಪುರದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಿದ್ದವಳು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳಿದವರಿಗೆಲ್ಲ ಸರಿಯಾಗಿ ಬೈದು ಕಳಿಸಿದ್ದೇನೆ. ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ವಜ್ರಳ್ಳಿಯಲ್ಲಿ ಪೋಸ್ಟ್ ಮಾಸ್ತರನಾಗಿದ್ದು ನಿವೃತ್ತನಾದವನು. ಅತ್ತಿಗೆ ತೀರಿಹೋದ ಮೇಲೆ ಕಿವಿ ಪೂರ್ತಿ ಮಂದವಾಯಿತು. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಕೇಳುತ್ತಿತ್ತು. ಐವತ್ತು ದಾಟಿದ ನನ್ನನ್ನು ಅವನು ಕಡೆಯವರೆಗೂ "ಕೂಸೆ" ಎಂದೇ ಕರೆದ.

ಅವನಿಗೆ ಚಂದ್ರನ ಹುಚ್ಚು. ಆ ವರ್ಷ ಕಣ್ಣಿನ ಪೊರೆ ತೆಗೆಸಿದ್ದೆವು. ಅದಕ್ಕೆ ಮೊದಲು ಅವನಿಗೆ ಎರಡು ಚಂದ್ರ ಕಾಣುತ್ತಿದ್ದವು. ಆಪರೇಶನ್ ಆದ ಮೇಲೆ ಅಂಗಳದಲ್ಲಿ ನಿಂತು, "ಕೂಸೆ, ಒಂದೇ ಇದ್ದಲೆ!" ಎಂದು ಕೂಗಿದ್ದ. ಅಷ್ಟರಲ್ಲಿ ಪೇಪರಿನಲ್ಲಿ ಬಂತು, ಈ ಸಲದ ಹೊಸ್ತಿಲ ಹುಣ್ಣಿಮೆಗೆ ಚಂದ್ರ ಭೂಮಿಗೆ ತೀರಾ ಹತ್ತಿರ ಬರುತ್ತಾನೆ, ನೂರು ವರ್ಷದಲ್ಲಿ ಇಷ್ಟು ದೊಡ್ಡದಾಗಿ, ಇಷ್ಟು ಬೆಳಕಾಗಿ ಕಂಡದ್ದಿಲ್ಲ ಅಂತ. ಅದನ್ನು ಕತ್ತರಿಸಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮಂಜಣ್ಣನ ಯಾತ್ರೆ ಆ ಹುಣ್ಣಿಮೆಗೆ ಸರಿಯಾಗಿ ನೇಪಾಳದಲ್ಲಿರುತ್ತದೆ ಅಂತ ತಿಳಿದ ದಿನವೇ ಹೆಸರು ಬರೆಸಿ ಬಂದ, ನನ್ನನ್ನು ಒಂದು ಮಾತೂ ಕೇಳದೆ ನನ್ನದನ್ನೂ ಸೇರಿಸಿ.

ಬಸ್ಸಿನಲ್ಲಿ ಜನರನ್ನು ಎಣಿಸುವುದಕ್ಕೆ ಮಂಜಣ್ಣನದೇ ಒಂದು ಕ್ರಮವಿತ್ತು. ಒಂದು ಬಟ್ಟೆಯ ಸಂಚಿ, ಅದರಲ್ಲಿ ಬಿಸಿಲಲ್ಲಿ ಒಣಗಿಸಿ ಸುಲಿದ ಮೂವತ್ತೆಂಟು ಚಾಲಿ ಅಡಿಕೆ. ಎಲ್ಲಾದರೂ ಇಳಿಯುವಾಗ ಪ್ರತಿಯೊಬ್ಬರೂ ಸಂಚಿಯಿಂದ ಒಂದು ಅಡಿಕೆ ತೆಗೆದುಕೊಳ್ಳಬೇಕು. ಹತ್ತುವಾಗ ಅದನ್ನೇ ಸಂಚಿಗೆ ಹಾಕಬೇಕು. ಮೂವತ್ತೆಂಟೂ ವಾಪಸು ಬಂದರೆ ಬಸ್ಸು ಹೊರಡುತ್ತದೆ. ತಲೆ ಎಣಿಸುವುದಕ್ಕೆ ಹೋದರೆ ಒಬ್ಬ ಏಳುತ್ತಾನೆ, ಒಬ್ಬ ಬಗ್ಗುತ್ತಾನೆ, ಅಡಿಕೆ ಹಾಗೆಲ್ಲ ಮಾಡುವುದಿಲ್ಲ ಅಂತ ಅವನ ವಾದ. ಸಂಚಿಯನ್ನು ನನ್ನ ಕೈಗೆ ಕೊಟ್ಟ. "ಗಣಿತದ ಅಕ್ಕೋರು ಇಪ್ಪಾಗ ಯಂಗೆಂತಕ್ಕೆ ಈ ತಲೆಬಿಸಿ" ಎಂದ. ನಾನೂ ಬೀಗಿದೆ.

ಗೋರಖಪುರ

ಕಾಶಿ ಮುಗಿಸಿ ಹೊರಟ ಮೇಲೆ ಗೋರಖಪುರದಲ್ಲಿ ಚಹಕ್ಕೆ ಇಳಿದೆವು. ಹೊರಡುವಾಗ ಎಣಿಸಿದರೆ ಮೂವತ್ತೇಳು. ಮತ್ತೆ ಎಣಿಸಿದೆ, ಮೂವತ್ತೇಳೇ. ಮಂಜಣ್ಣ ಕಂಗಾಲಾಗಿ ಪೇಟೆಯೆಲ್ಲ ಓಡಿದ. ನಮ್ಮ ಡ್ರೈವರ್ ಹಾವೇರಿ ಕಡೆಯವನು, ಹಾರನ್ ಬಾರಿಸಿ ಬಾರಿಸಿ ಸುಸ್ತಾಗಿ, "ಯಾರ್ರೀ ಅದು, ಲಗೂ ಬರ್ರೀ!" ಅಂತ ಕಿಟಕಿಯಿಂದ ಕೂಗಿದ. ಒಂದು ತಾಸು ಹೋಯಿತು. ನನ್ನ ಅಣ್ಣ ತನ್ನ ಸೀಟಿನಲ್ಲಿ ಕೂತು ಈ ಗಡಿಬಿಡಿಯನ್ನೆಲ್ಲ ಸಿನಿಮಾ ನೋಡಿದ ಹಾಗೆ ನೋಡುತ್ತಿದ್ದ. ಕಡೆಗೆ ನನ್ನನ್ನು ಕರೆದು, "ಎಂತಾತೆ? ಯಾರು ತಪ್ಪಿಸ್ಕಂಜ?" ಎಂದ. ಬಾಯಿ ಕೆಂಪಗಿತ್ತು. ಪುಣ್ಯಾತ್ಮ ಎಣಿಕೆಯ ಅಡಿಕೆಯನ್ನೇ ಕತ್ತರಿಸಿ, ಎಲೆ ಸುಣ್ಣ ಸೇರಿಸಿ ಕವಳ ಹಾಕಿಬಿಟ್ಟಿದ್ದ!

ಬಸ್ಸು ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ನಾಚಿಕೆಯಿಂದ ಮೈ ಉರಿಯಿತು. ಅಷ್ಟು ಜನರ ಎದುರೇ ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದೆ, "ಶಾಲೆ ಮಕ್ಳಿಗೆ ಗೊತ್ತಾಪ್ಪುದು ನಿಂಗೆ ಗೊತ್ತಾಗ್ತಿಲ್ಯಾ? ಇಷ್ಟು ವಯಸ್ಸಾತು, ನಾಚ್ಕೆ ಆಗ್ತಿಲ್ಯಾ?" ಅಣ್ಣನ ಮುಖ ಸಣ್ಣದಾಯಿತು.

"ತಪ್ಪಾತು ಕೂಸೆ. ಇನ್ನು ಜಗೀತ್ನಿಲ್ಲೆ" ಎಂದ.

ನನ್ನ ಕವಳದ ಸಂಚಿಯಿಂದ ಒಂದು ಅಡಿಕೆ ಹಾಕಿ ಲೆಕ್ಕ ಮತ್ತೆ ಮೂವತ್ತೆಂಟು ಮಾಡಿದೆ. ಅಲ್ಲಿಂದ ಮುಂದೆ ಪ್ರತಿ ಸಲ ಬಸ್ಸು ಹತ್ತುವಾಗ ಅವನು ಅಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಣ್ಣೆದುರು ಎತ್ತಿ ತೋರಿಸಿ, ಆಮೇಲೆ ಸಂಚಿಗೆ ಹಾಕುತ್ತಿದ್ದ. ನಾನು ನೋಡಿಯೂ ನೋಡದವಳ ಹಾಗೆ ಇರುತ್ತಿದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗೋರಖಪುರದಲ್ಲಿ ಇನ್ನೊಂದೂ ನಡೆಯಿತು. ಅಣ್ಣ ಮೂತ್ರಕ್ಕೆಂದು ಇಳಿದು ಬರುವುದರೊಳಗೆ ಮನ್ಮನೆಯ ಗೌರಕ್ಕ ಅವನ ಕಿಟಕಿ ಸೀಟಿನಲ್ಲಿ ಕೂತಿದ್ದರು. ಅವರಿಗೆ ವಾಂತಿಯ ತೊಂದರೆ, ಏಳಿ ಎನ್ನುವ ಹಾಗಿಲ್ಲ. ಅಣ್ಣ ಹಿಂದಿನ ಸಾಲಿನ ಕಿಟಕಿಗೆ ಹೋದ. ಸಿರಸಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರು ನಾವು. ಸೀಟು ಬಿಡುವ ಜಾತಿಯೇ ಅಲ್ಲ. ಮಾರನೇ ದಿನದಿಂದ ಅವನು ಇಳಿಯುವಾಗಲೆಲ್ಲ ಅಡುಗೆಯವರ ಅಕ್ಕಿ ಚೀಲವೊಂದನ್ನು ಸೀಟಿನ ಮೇಲಿಟ್ಟು, ಅದರ ಮೇಲೆ ತನ್ನ ಕಂಬಳಿ ಹೊದೆಸಿ, ತುದಿಗೆ ಮಂಕಿ ಟೋಪಿ ಹಾಕಿ ಹೋಗುತ್ತಿದ್ದ. ನೋಡಿದವರು ಯಾರೋ ಮಲಗಿದ್ದಾರೆ ಅಂದುಕೊಂಡು ಸುಮ್ಮನಾಗುತ್ತಿದ್ದರು. ಅವನ ಈ ಉಪಾಯಕ್ಕೆ ಡ್ರೈವರ್ ಕೂಡ ಶಹಬ್ಬಾಸ್ ಎಂದಿದ್ದ.

ಗಡಿಯಾಚೆ

ಗಡಿಯಲ್ಲಿ ನೇಪಾಳದ ಗುಮಾಸ್ತ ನಮ್ಮ ಕಾಗದದ ಮೇಲೆ ೨೦೫೬ ಅಂತ ಇಸವಿ ಬರೆದ. ಅವರ ಪಂಚಾಂಗ ನಮಗಿಂತ ಐವತ್ತೇಳು ವರ್ಷ ಮುಂದೆ. ಗಡಿಯಾರವೂ ಹದಿನೈದು ನಿಮಿಷ ಮುಂದೆ. ಅಣ್ಣ ಬೆರಳೆಣಿಸಿ, "ಹಂಗಾರೆ ಯಂಗೀಗ ನೂರಾ ಇಪ್ಪತ್ತೈದು" ಎಂದು ನಕ್ಕ. ಸಾಯುವ ವಯಸ್ಸು ಎಂದೋ ದಾಟಿ ಹೋಯಿತು, ಇನ್ನು ಹೆದರಿಕೆಯಿಲ್ಲ ಎಂದ. ನಾನು ಆ ಮಾತಿಗೂ ನಗಲಿಲ್ಲ.

ಅಲ್ಲಿನ ಜನರ ಕೆಲವು ರೀತಿ ನನಗೆ ಇಷ್ಟವಾದವು. ಅಂಗಡಿಯವಳನ್ನು ಗಿರಾಕಿ ದಿದಿ ಎನ್ನುತ್ತಾನೆ, ಗಿರಾಕಿಯನ್ನು ಅಂಗಡಿಯವಳು ದಾಯಿ ಎನ್ನುತ್ತಾಳೆ, ಅಂದರೆ ಅಕ್ಕ, ಅಣ್ಣ. ನಮ್ಮಲ್ಲಿ ಹೆಂಗಸರು ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತರೆ ಅಲ್ಲಿ ಬುಟ್ಟಿಯನ್ನು ಬೆನ್ನಿಗೆ ಹಾಕಿ ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ. ಹೊತ್ತುಕೊಂಡೇ ನಗುತ್ತಾರೆ. ಆದರೆ ಚಳಿ ಮಾತ್ರ ನಮ್ಮದಲ್ಲ. ನಮ್ಮ ಚಳಿ ಬೆಳಿಗ್ಗೆ ಬಿಸಿಲಿಗೆ ಹೋಗುತ್ತದೆ. ಅಲ್ಲಿಯದು ಮೂಳೆಯೊಳಗೆ ಕೂತು ಎದ್ದು ಹೋಗುವುದೇ ಇಲ್ಲ.

ನಗರಕೋಟ, ಹುಣ್ಣಿಮೆ ಸಂಜೆ

ನಗರಕೋಟ ಅಂದರೆ ಭಕ್ತಪುರದ ಮೇಲಿನ ಗುಡ್ಡ. ಬಸ್ಸು ಒಂದು ತಾಸು ಏದುಸಿರು ಬಿಟ್ಟು ಹತ್ತಿತು. ಮೇಲೆ ಒಂದಿಷ್ಟು ಪೈನ್ ಮರ, ಒಂದು ಚಹದ ಅಂಗಡಿ, ಎದುರಿಗೆ ಹಿಮಾಲಯ. ಹೊತ್ತು ಮುಳುಗುವಾಗ ಹಿಮದ ಶಿಖರಗಳೆಲ್ಲ ಕೆಂಪಾಗಿ, ಆಮೇಲೆ ಬೂದಿಯಾದವು. ಅದೇ ಹೊತ್ತಿಗೆ ಈಶಾನ್ಯದ ಶಿಖರಗಳ ಹಿಂದೆ ಬೆಳಕು ಹುಟ್ಟಿತು.

ಚಂದ್ರ ಬಂದ. ಹೇಗೆ ಹೇಳಲಿ! ಆಲೆಮನೆಯಲ್ಲಿ ಬೆಲ್ಲ ಕುದಿಯುವ ಕೊಪ್ಪರಿಗೆಯನ್ನು ಯಾರೋ ಹಿಮದ ಗೋಡೆಯ ಮೇಲೆ ಎತ್ತಿಟ್ಟ ಹಾಗಿತ್ತು, ಬಣ್ಣವೂ ಅದೇ. ಗೌರಕ್ಕ ಕೈ ಮುಗಿದರು. "ಊರಲ್ಲಿ ಇಷ್ಟೊತ್ತಿಗೆ ಹೊಸ್ತಿಲಿಗೆ ಪೂಜೆ ಆಗ್ತಿತ್ತು" ಎಂದು ಕಣ್ಣೊರೆಸಿಕೊಂಡರು. ಹತ್ತು ನಿಮಿಷದಲ್ಲಿ ಚಂದ್ರ ಮೇಲೇರಿ ಬೆಳ್ಳಗಾದ. ನೆಲದ ಮೇಲೆ ನಮ್ಮ ನೆರಳು ಕಪ್ಪಗೆ ಬಿತ್ತು, ಸೆರಗಿನ ಅಂಚು ಸಮೇತ. ಪೇಪರಿನ ಚೂರನ್ನು ಅಣ್ಣ ಆ ಬೆಳಕಿನಲ್ಲೇ ಓದಿದ. ಕನ್ನಡಕವಿಲ್ಲದೆ ಓದಿದ. ಓದಿ, ಮಡಿಸಿ ಮತ್ತೆ ಕಿಸೆಗೆ ಹಾಕಿದ.

"ಕೂಸೆ, ಇಲ್ಲಿ ಮರ ಅಡ್ಡ ಬತ್ತು. ಆಚೆ ದಿಬ್ಬಕ್ಕೆ ಹೋಗಿ ನೋಡ್ತೆ" ಎಂದ.

"ಬೇಗ ಬಾ. ಕಂಬ್ಳಿ ತಗಂಡು ಹೋಗು" ಎಂದು ಕೂಗಿದೆ. ಕೇಳಲಿಲ್ಲವೋ ಏನೋ. ಕಂಬಳಿ ಬಸ್ಸಿನಲ್ಲಿ ಸೀಟು ಕಾಯುತ್ತಿತ್ತು. ಅವನು ಒಂದು ಸ್ವೆಟರಿನ ಮೇಲೇ ಹೋದ.

ಉಳಿದವರು ಅಷ್ಟರಲ್ಲೇ ನಡುಗತೊಡಗಿದ್ದರು. ದೊಡ್ಡ ಚಂದ್ರನಾದರೇನು, ಹಲ್ಲು ಕಟಕಟಿಸುವಾಗ ಎಷ್ಟು ಹೊತ್ತು ನೋಡಲಾಗುತ್ತದೆ? ರಸ್ತೆಯಲ್ಲಿ ಮಂಜು ಕೂತರೆ ಇಳಿಯುವುದು ಕಷ್ಟ ಅಂತ ಡ್ರೈವರ್ ಅವಸರ ಮಾಡಿದ. ಯಾವಾಗಲೂ ನಾನು ಸಂಚಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಆ ದಿನ ಚಳಿಗೆ ಹೆದರಿ ಸಂಚಿಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ ಒಳಗೆ ಹೋಗಿ ಕೂತೆ. ಒಬ್ಬೊಬ್ಬರೇ ಹಾಕುತ್ತಾ ಹತ್ತಿದರು. ಕಡೆಗೆ ಮಡಿಲಲ್ಲಿ ಸುರಿದುಕೊಂಡು ಎಣಿಸಿದೆ.

ಮೂವತ್ತೇಳು.

ಹಿಂದೆ ತಿರುಗಿ ನೋಡಿದೆ. ಹಿಂದಿನ ಸಾಲಿನ ಕಿಟಕಿಯಲ್ಲಿ ಕಂಬಳಿ, ಅದರ ಮೇಲೆ ಮಂಕಿ ಟೋಪಿ. ಮಲಗಿದ್ದಾನೆ. ನನಗೆ ಬಂದ ಮೊದಲ ಯೋಚನೆ ಇದು, ಮತ್ತೆ ಜಗಿದುಬಿಟ್ಟ! ಇಷ್ಟು ದಿನ ಒಂದು ಸಲವೂ ಅವನು ತಪ್ಪಿರಲಿಲ್ಲ. ಅದೂ ನನ್ನ ನೆನಪಿಗೆ ಬರಲಿಲ್ಲ, ಸೀಟು ಕಾಯುವ ಅಕ್ಕಿ ಚೀಲವೂ ನೆನಪಿಗೆ ಬರಲಿಲ್ಲ. ಚಂದ್ರನ ಗುಂಗಿನಲ್ಲಿ ಕವಳ ಹಾಕಿ ಮಲಗಿದ, ಈಗ ಮತ್ತೆ ಎಲ್ಲರೂ ನಗುತ್ತಾರೆ, ಮತ್ತೆ ನನ್ನ ಮಾನ ಹೋಗುತ್ತದೆ. ಎದ್ದು ಆರು ಹೆಜ್ಜೆ ಹಿಂದೆ ಹೋಗಿ ಅವನ ಹೆಗಲು ಅಲುಗಿಸಿದ್ದರೆ ಸಾಕಿತ್ತು. ನಾನು ಏಳಲಿಲ್ಲ.

"ಅಕ್ಕೋರೇ, ಲೆಕ್ಕ ಸರಿ ಇದ್ದಾ?" ಮಂಜಣ್ಣ ಮುಂದಿನಿಂದ ಕೇಳಿದ. ಉಳಿದವರೆಲ್ಲ ಕಿವಿಗೆ ಕಂಬಳಿ ಸುತ್ತಿ ಮುದುಡಿದ್ದರು, ಈ ಮಾತು ಯಾರ ಕಿವಿಗೂ ಬೀಳಲಿಲ್ಲ.

ನನ್ನ ಸ್ವಂತ ಕವಳದ ಸಂಚಿಯಿಂದ ಒಂದು ಚಾಲಿ ಅಡಿಕೆ ತೆಗೆದು ಉಳಿದವುಗಳ ಜೊತೆ ಹಾಕಿದೆ.

"ಸರಿ ಇದ್ದು. ಮೂವತ್ತೆಂಟು" ಎಂದೆ.

ಬಸ್ಸು ಹೊರಟಿತು.

ಭಕ್ತಪುರ

ನಾವು ತಂಗಿದ್ದ ಮನೆಯವರಿಗೂ ಆ ಹುಣ್ಣಿಮೆ ಹಬ್ಬ. ಹೊಸ ಅಕ್ಕಿಯ ಹಿಟ್ಟಿನಲ್ಲಿ ಬೆಲ್ಲ, ಎಳ್ಳು ತುಂಬಿ ಹಬೆಯಲ್ಲಿ ಬೇಯಿಸಿದ ಯೋಮರಿ ಅನ್ನುವ ತಿಂಡಿ ಮಾಡಿದ್ದರು. ನಮ್ಮ ಕಡುಬೇ, ತುದಿಗೊಂದು ಬಾಲ. ಮನೆಯೊಡತಿ ಎಲ್ಲರ ಕೈಗೂ ಬಿಸಿಬಿಸಿ ಒಂದೊಂದು ಇಟ್ಟಳು. ಅಣ್ಣ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. ಸಿಹಿ ಅಂದರೆ ಅವನಿಗೆ ಪ್ರಾಣ. ನನ್ನ ಸಿಟ್ಟೂ ಅಷ್ಟರಲ್ಲಿ ತಣ್ಣಗಾಗಿತ್ತು. ಒಂದು ಯೋಮರಿಯನ್ನು ಎಲೆಯಲ್ಲಿ ಹಿಡಿದು ಬಸ್ಸಿಗೆ ಹೋದೆ.

"ಅಣ್ಣ, ಏಳು. ನಮ್ಮ ಕಡುಬು ಇಲ್ಲೂ ಇದ್ದು ನೋಡು" ಎಂದು ಟೋಪಿಯ ಮೇಲೆ ಕೈಯಿಟ್ಟೆ. ಕೈ ಗಟ್ಟಿಯಾದ ಅಕ್ಕಿಯ ಮೇಲೆ ಕೂತಿತು.

ನಾನು ಕೂಗಿದ್ದು ನನಗೆ ನೆನಪಿಲ್ಲ. ಕೂಗಿದೆನಂತೆ.

ಮತ್ತೆ ಮೇಲಕ್ಕೆ

ಮಂಜಣ್ಣ, ಡ್ರೈವರ್, ನಾನು ಒಂದು ಬಾಡಿಗೆ ಜೀಪಿನಲ್ಲಿ ಹತ್ತಿದೆವು. ಬ್ಯಾಟರಿ ತಂದಿದ್ದೆವು, ಬೇಕಾಗಲೇ ಇಲ್ಲ. ದಾರಿಯ ಕಲ್ಲು ಕಲ್ಲೂ ಕಾಣುತ್ತಿತ್ತು. ಅಷ್ಟು ಬೆಳಕನ್ನು ನಾನು ಆ ದಿನ ಶಪಿಸಿದೆ. ಕತ್ತಲೆಯಾಗಿದ್ದರೆ ಅವನು ಆ ದಿಬ್ಬಕ್ಕೆ ಹೋಗುತ್ತಲೇ ಇರಲಿಲ್ಲ.

ದೂರದಿಂದಲೇ ಕಂಡ. ನಮ್ಮ ಬಸ್ಸು ನಿಂತಿದ್ದ ಜಾಗದಲ್ಲೇ, ರಸ್ತೆ ಬದಿಯ ಕಲ್ಲಿಗೆ ಒರಗಿ, ಹೆಗಲ ಮೇಲೆ ಯಾರದೋ ಕೆಂಪು ಶಾಲು ಹೊದ್ದು ಕೂತಿದ್ದ. ಮುಖ ಚಂದ್ರನ ಕಡೆ. "ಅಣ್ಣಾ" ಎಂದು ಕೂಗುತ್ತಾ ಓಡಿದೆ, ಕಿವುಡನಿಗೆ ಕೂಗಿ ಏನು ಪ್ರಯೋಜನ ಅಂತಲೂ ಹೊಳೆಯಲಿಲ್ಲ. ಕೆನ್ನೆ ಮುಟ್ಟಿದೆ. ತಣ್ಣಗಿತ್ತು. ಅಪ್ಪಿ ಹಿಡಿದು ಉಜ್ಜಿದೆ, ನನ್ನ ಸೆರಗಿನಲ್ಲಿ ಸುತ್ತಿದೆ. ಡ್ರೈವರ್ ಮೂಗಿನ ಹತ್ತಿರ ಕೈ ಹಿಡಿದು ನೋಡಿ, "ಬಿಡ್ರೀ ಅಕ್ಕಾರ, ಮುಗದೈತಿ" ಎಂದು ಅತ್ತುಬಿಟ್ಟ.

ಬಲಗೈ ಮುಷ್ಟಿ ಕಟ್ಟಿತ್ತು. ಮಂಜಣ್ಣ ಮೆಲ್ಲಗೆ ಬೆರಳು ಬಿಡಿಸಿದ. ಒಳಗೆ ಅಡಿಕೆಯಿತ್ತು. ಹಲ್ಲು ತಾಗದ, ಕತ್ತರಿ ತಾಗದ ಇಡೀ ಅಡಿಕೆ.

ಮಂಜಣ್ಣ ಅದನ್ನು ನೋಡಿದ, ನನ್ನನ್ನು ನೋಡಿದ. ಎಣಿಕೆಯ ಸಂಚಿ ನನ್ನ ಸೊಂಟದಲ್ಲೇ ಇತ್ತು. ಅವನೇ ಬಿಚ್ಚಿ ಆ ಅಡಿಕೆಯನ್ನು ಅದರೊಳಗೆ ಹಾಕಿದ. ಮೂವತ್ತೊಂಬತ್ತು. ಅವನಿಗೆ ಎಣಿಸುವ ಅಗತ್ಯ ಬೀಳಲಿಲ್ಲ.

"ಆ ಸಂಜೆ ಎಣಿಸಿದ್ದು ನಿಂಗ ಅಲ್ಲ, ಆನೇ ಹೇಳಿ ಎಲ್ಲರಿಗೂ ಹೇಳ್ತೆ" ಎಂದ. "ನಿಂಗ ನಾಳೆ ಶಾಲೇಲಿ ಮಕ್ಳೆದ್ರು ನಿಲ್ಲಕು ಅಕ್ಕೋರೇ."

ನಾನು ಬೇಡ ಎನ್ನಲಿಲ್ಲ.

ಬಾಗಮತಿಯ ದಡ

ಮಾರನೇ ದಿನ ಪೊಲೀಸರ ಕಾಗದವೆಲ್ಲ ಮುಗಿದ ಮೇಲೆ ಪಶುಪತಿನಾಥನ ಹತ್ತಿರ ಬಾಗಮತಿಯ ದಡಕ್ಕೆ ತಂದೆವು. ಅಲ್ಲಿ ಸತ್ತವರ ಪಾದವನ್ನು ನೀರಿಗೆ ತಾಗಿಸಿ ಆಮೇಲೆ ಚಿತೆಗೆ ಇಡುತ್ತಾರೆ. ಪಕ್ಕದ ಕಟ್ಟೆಯಲ್ಲಿ ಬೇರೆ ಯಾರದೋ ಹೆಣ, ಬೇರೆ ಯಾರದೋ ಅಳು. ಮೇಲಿನ ಮೆಟ್ಟಿಲಲ್ಲಿ ಪರದೇಶದವರು ಕ್ಯಾಮರಾ ಹಿಡಿದು ಕೂತಿದ್ದರು. ನಮ್ಮ ಬಸ್ಸಿನವರೆಲ್ಲ ಬಂದಿದ್ದರು. ಎಣಿಸಿದ್ದು ತಾನೇ ಅಂತ ಮಂಜಣ್ಣ ಅವರಿಗೆಲ್ಲ ಹೇಳಿಯಾಗಿತ್ತು. ಗೌರಕ್ಕ ನನ್ನನ್ನು ತಬ್ಬಿಕೊಂಡು, "ಮಂಜಣ್ಣ ಹಿಂಗೆ ಮಾಡ್ಲಾಗಿತ್ತಿಲ್ಲೆ" ಎಂದರು. ಮಂಜಣ್ಣ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಕೇಳಿಸಿತು. ಅಣ್ಣನನ್ನು ಕೊಂದ ತಪ್ಪು ಒಂದು ಗಳಿಗೆಯ ಸಿಟ್ಟಿನದು. ಅಲ್ಲಿ ಬಾಯಿ ಮುಚ್ಚಿ ನಿಂತದ್ದು ಪೂರ್ತಿ ಎಚ್ಚರದಲ್ಲಿ ಮಾಡಿದ್ದು.

ಶಾಲು ಕೊಡಲು

ಊರಿಗೆ ಹೊರಡುವ ದಿನ ಬೆಳಿಗ್ಗೆ ಆ ಕೆಂಪು ಶಾಲು ಹಿಂದಿರುಗಿಸಲು ಒಬ್ಬಳೇ ಮತ್ತೆ ನಗರಕೋಟಕ್ಕೆ ಹೋದೆ. ಅದು ಚಹದ ಅಂಗಡಿಯವಳದು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಶುಂಠಿ ಹಾಕಿದ ಚಹ ಕೊಟ್ಟು, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ಅವಳು ಹೇಳಿದಳು.

ಬಸ್ಸು ಹೋದ ಸ್ವಲ್ಪ ಹೊತ್ತಿಗೆ ದಾಯಿ ದಿಬ್ಬದಿಂದ ಇಳಿದು ಬಂದರಂತೆ. ಖಾಲಿ ರಸ್ತೆ ನೋಡಿ ಗಾಬರಿಯಾಗಲಿಲ್ಲವಂತೆ. ಇವಳು ಒಳಗೆ ಬನ್ನಿ, ಬೆಂಕಿಯಿದೆ ಅಂತ ಕೈ ಹಿಡಿದು ಎಳೆದಳಂತೆ. ಅವರು ಒಲ್ಲೆ ಅಂತ ತಲೆಯಾಡಿಸಿ ಆ ಕಲ್ಲಿನ ಹತ್ತಿರವೇ ಕೂತರಂತೆ. ಒಳಗೆ ಹೋದರೆ ಬಸ್ಸಿನವರಿಗೆ ತಾನು ಕಾಣುವುದಿಲ್ಲ ಅಂತ ಸನ್ನೆ ಮಾಡಿದರಂತೆ. ಇವಳು ಚಹ ಕೊಟ್ಟು, ಶಾಲು ಹೊದೆಸಿ, ಅಂಗಡಿ ಮುಚ್ಚಿ ಹಿಂದಿನ ಮನೆಗೆ ಅಡುಗೆಗೆ ಹೋದಳು. ಆಮೇಲೆ ಬಂದು ನೋಡಿದಾಗ ಚಂದ್ರನನ್ನು ನೋಡುತ್ತಾ ನಿದ್ದೆ ಹೋಗಿದ್ದಾರೆ ಅಂದುಕೊಂಡಳು.

"ಒಂದು ಮಾತು ಕೇಳಲಾ ದಿದಿ?" ಎಂದಳು. "ನಾನು ಕರೆದಾಗಲೆಲ್ಲ ಅವರು ಏನನ್ನೋ ಹೀಗೆ ತೋರಿಸುತ್ತಿದ್ದರು."

ಎರಡು ಬೆರಳಲ್ಲಿ ಏನನ್ನೋ ಹಿಡಿದ ಹಾಗೆ ಮಾಡಿ ತನ್ನ ಕೈಯನ್ನು ನನ್ನ ಕಣ್ಣೆದುರು ಎತ್ತಿದಳು.

"ತೋರಿಸಿ, ಕೆಳಗಿನ ರಸ್ತೆಗೆ ಬೊಟ್ಟು ಮಾಡಿ, ಎದೆ ತಟ್ಟಿಕೊಂಡು ನಗುತ್ತಿದ್ದರು. ತಿನ್ನಲು ಕೊಡುತ್ತಿದ್ದಾರೆ ಅಂದುಕೊಂಡು ಕೈಯೊಡ್ಡಿದೆ. ಕೊಡಲಿಲ್ಲ, ಮುಷ್ಟಿ ಕಟ್ಟಿದರು. ಅದೇನು?"

ಅದೇನು ಅಂತ ಅವಳಿಗೆ ನಾನು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ಅಡಿಕೆ ನನ್ನ ಹತ್ತಿರವಿದೆ, ಅಲ್ಲಿ ಒಂದು ಕಡಿಮೆ ಬೀಳುತ್ತದೆ, ಎಣಿಸುವವಳು ನನ್ನ ತಂಗಿ, ಅವಳು ಬಸ್ಸು ತಿರುಗಿಸಿಕೊಂಡು ಬರುತ್ತಾಳೆ ಅಂತ ಅವನು ಹೇಳುತ್ತಿದ್ದ.

ಮಂಜಣ್ಣನ ಲೆಕ್ಕ ಅಂತ ಇನ್ನು ಯಾರೂ ನಗಬೇಡಿ. ಅವನ ಕ್ರಮದಲ್ಲಿ ತಪ್ಪಿರಲಿಲ್ಲ. ಆ ಸಂಜೆ ಸಂಚಿಯಲ್ಲಿ ಮೂವತ್ತೇಳೇ ಇದ್ದವು.